ಕಾಣುವುದಕ್ಕಾಗಿ ಕೊಂಡ ಕಾರು



ಐಷಾರಾಮಿ ಕಾರು ಕೊಂಡವರು ಸುರಕ್ಷತೆ ಮತ್ತು ಸುಖಪ್ರಯಾಣದ ಕಾರಣ ಹೇಳುತ್ತಾರೆ. ಅದು ಪೂರ್ಣ ಸುಳ್ಳಲ್ಲ. ಆದರೆ ನಮ್ಮ ಬಿಡದಿಯತ್ತ ಒಮ್ಮೆ ನೋಡಿ. ಅಲ್ಲಿನ ಟೊಯೊಟಾ ಕಾರ್ಖಾನೆಯಲ್ಲಿ ಕ್ಯಾಮ್ರಿ ಕಾರು ಸಿದ್ಧವಾಗುತ್ತಿತ್ತು. 2020ರಲ್ಲಿ ಅದೇ ಸಂಸ್ಥೆಯ ಐಷಾರಾಮಿ ಹೆಸರಾದ ಲೆಕ್ಸಸ್‌ನ ಇಎಸ್ 300ಎಚ್ ಕಾರಿನ ಜೋಡಣೆಯೂ ಅಲ್ಲೇ ಆರಂಭವಾಯಿತು. ಎರಡಕ್ಕೂ ಮೂಲ ಚೌಕಟ್ಟು ಒಂದೇ; 2.5 ಲೀಟರಿನ ಹೈಬ್ರಿಡ್ ಎಂಜಿನ್ನೂ ಒಂದೇ ಬಗೆಯದು. ಲೆಕ್ಸಸ್‌ನಲ್ಲಿ ಸದ್ದು ಕಡಿಮೆ, ಒಳಾಂಗಣ ಹೆಚ್ಚು ನಯ, ನಿಜ. ಬೆಲೆಯ ಅಂತರವೋ, ಹತ್ತು ಲಕ್ಷಕ್ಕೂ ಅಧಿಕವಾಗಿತ್ತು! ಅದರಲ್ಲೊಂದು ಪಾಲು ಮುಂಭಾಗದ ಲಾಂಛನಕ್ಕೆ ತೆತ್ತ ಹಣವಲ್ಲವೇ?

ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ಈ ಪ್ರದರ್ಶನದ ಖರ್ಚಿನ ಕುರಿತು ಗ್ರಂಥ ಬರೆದಿದ್ದ. ಅಪರಿಚಿತರ ನಡುವೆ ಬದುಕುವವನಿಗೆ ತನ್ನ ಸ್ಥಾನ ಸಾರಲು ಕಣ್ಣಿಗೆ ಬೀಳುವ ಗುರುತು ಬೇಕು. ಬ್ಯಾಂಕಿನ ಠೇವಣಿ ಯಾರಿಗೂ ಕಾಣದು, ಕಾರು ಕಾಣುತ್ತದೆ.

ಹಾಗೆಂದು ಕೊಂಡವನನ್ನಷ್ಟೇ ದೂಷಿಸಿದರೆ ನ್ಯಾಯವಾಗದು. ಶಾದಿಮಹಲ್‌ನ ಬಾಗಿಲಲ್ಲಿ ದೊಡ್ಡ ಕಾರಿನತ್ತ ಧಾವಿಸುವವರು, ಸ್ಕೂಟರಿನಲ್ಲಿ ಬಂದ ಮೇಷ್ಟರನ್ನು ಹಿಂದಿನ ಸಾಲಿಗೆ ಕಳುಹಿಸುವವರು ನಾವೇ. (ನಾನೂ ಎದ್ದು ಕುರ್ಚಿ ಬಿಟ್ಟುಕೊಟ್ಟದ್ದುಂಟು.) ಆ ಮರ್ಯಾದೆಯನ್ನು ಕಂಡ ಯುವಕ ಸಾಲ ಮಾಡುತ್ತಾನೆ. ಕಾರಿನ ಮೌಲ್ಯ ಷೋರೂಮಿನಿಂದ ಹೊರಬಿದ್ದ ದಿನವೇ ಕುಸಿಯತೊಡಗುತ್ತದೆ, ಕಂತು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಮಗಳ ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನ ಬಂದಾಗ, ಆ ಕಂತನ್ನು ನಿಜವಾಗಿ ಯಾರು ತೆರುತ್ತಿದ್ದಾರೆಂಬುದು ಮನೆಯವರಿಗೆಲ್ಲ ತಿಳಿದಿರುತ್ತದೆ.