ಶಾಲೆಯ ಮಂತ್ರಿಗೂ ಕೆಲಸ ಕೊಡೋಣ
(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಆಗ ಗದಗ ನಮ್ಮ ಧಾರವಾಡ ಜಿಲ್ಲೆಯೊಳಗೇ ಇತ್ತು, 1997ರಲ್ಲಿ ಬೇರೆಯಾಯಿತು. ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ ಎಂಬುದು ನಮ್ಮ ಸಂಘದ ಪದ್ಧತಿ.

ಶಾಲೆಯೊಳಗೂ ವರ್ಷಾ ಚುನಾವಣೆ ಆಗತದ. ಚೀಟಿ, ಪೆಟ್ಟಿಗೆ, ಎಣಿಕೆ ಎಲ್ಲಾ ಇರತದ. ಆರಿಸಿ ಬಂದ ಮುಖ್ಯಮಂತ್ರಿ ಮುಂದೇನು ಮಾಡತಾನ? ಗಂಟಿ ಬಾರಿಸತಾನ, ಗದ್ದಲ ಮಾಡಿದವರ ಹೆಸರು ಬರೀತಾನ. ಅದು ಪೊಲೀಸನ ಕೆಲಸ, ಮಂತ್ರಿಯದಲ್ಲ. ನೀರಿನ ಟಾಕಿ ಯಾವಾಗ ತೊಳೆದರು, ಬಿಸಿಯೂಟಕ್ಕೆ ಅಕ್ಕಿ ಎಷ್ಟು ಬಂತು ಎಂದು ಆ ಮಗು ಕೇಳಬೇಕು. ಮಕ್ಕಳ ಗ್ರಾಮಸಭೆ ಇರುವುದೇ ಅದಕ್ಕೆ. ಕೇಳಿದ್ದಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಬರದಿದ್ದರೆ, ಸಭೆ ಅಂದ್ರ ಚಾ-ಬಿಸ್ಕೀಟು ಅಂತ ಅವರೂ ಕಲೀತಾರ, ನಮ್ಮಂಗ!

ಬರುವ ವಾರ್ಷಿಕ ಸರ್ವಸಾಧಾರಣ ಸಭೆಗೆ ಎಂಟು, ಒಂಬತ್ತನೇ ಇಯತ್ತೆ ಮಕ್ಕಳನ್ನು ಕರೆಯೋಣ. ಮತವಿಲ್ಲ, ಅದಕ್ಕೆ 18 ತುಂಬಬೇಕು. ಜಮಾ-ಖರ್ಚು ಓದುವಾಗ ಕೇಳಲಿ, ತಿಳಿಯದ್ದನ್ನು ಪ್ರಶ್ನೆ ಮಾಡಲಿ. "ಕಟಬಾಕಿ ಪಟ್ಟಿಯೊಳಗ ಅಪ್ಪನ ಹೆಸರು ಬಂದ್ರ?" ಎಂದು ಒಬ್ಬ ಸದಸ್ಯರು ಕೇಳಿದರು. ಮಾತು ಖರೆ. ಮಕ್ಕಳ ಮುಂದೆ ಹೆಸರು ಬೇಡ, ಒಟ್ಟು ಮೊತ್ತ ಓದೋಣ. ಆದರ ಮೊತ್ತ ಮುಚ್ಚುವುದು ಬೇಡ.

ಮುಂದಿನ ಎರಡು ಸಾಲು ಅವರಿಗೆ ಬಿಡೋಣ. ಈ ಸೂಚನೆಗೆ ಅನುಮೋದಕರು ಯಾರಾದರೂ ಏಳ್ರಿ.