ಕಿಡಿ ನಿಂತಾಗ
(ನಮ್ಮ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಸಾಹಿತ್ಯದ ವಿಷಯವಾಗಿ ಮಾತನಾಡುವಷ್ಟು ವಿದ್ವತ್ತು ನನ್ನಲ್ಲಿಲ್ಲ. ಆದರೆ ನಮ್ಮ ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲಿ ಮೈಸೂರಿನ ಹಳೆಯ ಜಾವಾ, ಯೆಜ್ಡಿ ಗಾಡಿಗಳನ್ನು ಇಟ್ಟುಕೊಂಡಿರುವ ಕನ್ನಡಿಗರು ಇನ್ನೂ ಕೆಲವರಿದ್ದಾರೆ. ಅವರಿಗೆ ಉಪಯೋಗವಾದೀತೆಂದು ನನ್ನ ಒಂದು ಅನುಭವವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದುದನ್ನು ಹಿರಿಯರು ಬಲ್ಲರು. ಚೆಕೊಸ್ಲೊವಾಕಿಯದ ಮಾದರಿಯ ಗಾಡಿಗಳು ಅಲ್ಲಿ 1961ರ ಸುಮಾರಿನಿಂದ ತಯಾರಾದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಮ್ಮ ತಂದೆಯವರು ಮೈಸೂರಿನಲ್ಲಿ ಕೊಂಡ 250 ಸಿ.ಸಿ. ಜಾವಾ ಅವರೊಡನೆ ಡೊಂಬಿವಲಿಗೆ ಬಂತು. ಅವರು ಹೋದ ಮೇಲೆ ನನ್ನ ಪಾಲಿಗೆ ಉಳಿಯಿತು.

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಮಗಳನ್ನು ಹಿಂದೆ ಕೂರಿಸಿಕೊಂಡು ಮಹಾಪೆಯಿಂದ ಶಿಳ್‌ಫಾಟಾ ಕಡೆಗೆ ಬರುತ್ತಿದ್ದೆ. ಹಿಂದೆ ಮುಂದೆ ಲಾರಿಗಳು. ನಡುರಸ್ತೆಯಲ್ಲಿ ಇಂಜಿನ್ ಒಮ್ಮೆಗೇ ನಿಂತುಹೋಯಿತು. ಹಿಂದಿನ ಲಾರಿಯವನು ಬ್ರೇಕ್ ಹಾಕಿದ್ದರಿಂದ ನಾವಿಬ್ಬರೂ ಉಳಿದೆವು. ಗಾಡಿಯನ್ನು ಬದಿಗೆ ತಳ್ಳಿ ಅರ್ಧ ಗಂಟೆ ನಿಂತೆವು. ಆಮೇಲೆ ಒಂದೇ ಒದೆತಕ್ಕೆ, ಏನೂ ಆಗಿಲ್ಲವೆಂಬಂತೆ, ಹೊರಟಿತು!

ಮೇಸ್ತ್ರಿಯೊಬ್ಬರು ನೋಡಿ, “ಕಾಯಿಲ್ ಹೋಗಿದೆ” ಎಂದರು. ಹೊಸದನ್ನು ಹಾಕಿಸಿದೆ. ಮೂರು ದಿನ ಚೆನ್ನಾಗಿತ್ತು, ನಾಲ್ಕನೆಯ ದಿನ ಕಾಟಯಿ ನಾಕಾದಲ್ಲಿ ಮತ್ತೆ ನಿಂತಿತು. ಎರಡನೆಯ ಕಾಯಿಲ್ ಬಂತು. ಅದೂ ಅದೇ ಕಥೆ. ಕೊನೆಗೆ, “ಇದನ್ನು ಭಂಗಾರದವನಿಗೆ ಹಾಕಿಬಿಡಿ” ಎಂಬ ಸಲಹೆ ಸಿಕ್ಕಿತು. ಮಗಳ ಜೀವಕ್ಕಿಂತ ಗಾಡಿ ದೊಡ್ಡದೇ? ಕೊಟ್ಟೇಬಿಡೋಣವೆಂದು ಮನಸ್ಸು ಮಾಡಿದ್ದೆ.

ಆಗ ಇದೇ ವಾಚನಾಲಯದಲ್ಲಿ ದಿನಾ ಪತ್ರಿಕೆ ಓದಲು ಬರುವ, ರೈಲ್ವೆಯಲ್ಲಿ ವಿದ್ಯುತ್ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಕೇಳಿದರು: “ಕಾಯಿಲ್ ಎರಡು ಸಲ ಬದಲಾಯಿಸಿದೆಯಲ್ಲಪ್ಪ, ಪಾಯಿಂಟಿನ ಮುಖ ಒಂದು ಸಲವಾದರೂ ನೋಡಿದೆಯಾ?”

ಅವರು ತಿಳಿಸಿಕೊಟ್ಟುದನ್ನೇ ನಿಮಗೆ ಹೇಳುತ್ತೇನೆ. ಕಾಯಿಲಿನೊಳಗೆ ಕಬ್ಬಿಣದ ಸರಳಿನ ಸುತ್ತ ಎರಡು ಸುರುಳಿಗಳಿವೆ. ಒಂದು, ದಪ್ಪ ತಾಮ್ರದ ತಂತಿಯ ಕೆಲವು ನೂರು ಸುತ್ತು. ಇನ್ನೊಂದು, ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ದಪ್ಪ ಸುರುಳಿಯಲ್ಲಿ ಹರಿಯುವ ಬ್ಯಾಟರಿಯ ವಿದ್ಯುತ್ತನ್ನು ಪಾಯಿಂಟ್ ಥಟ್ಟನೆ ಕಡಿಯುತ್ತದೆ. ಓಡುವ ನೀರಿನ ನಲ್ಲಿಯನ್ನು ಒಮ್ಮೆಗೇ ಮುಚ್ಚಿದರೆ ಕೊಳವೆ ಧಡ್ಡೆನ್ನುವುದಿಲ್ಲವೇ? ಹಾಗೆ ಆ ಹೊಡೆತ ತೆಳು ಸುರುಳಿಯಲ್ಲಿ ಹತ್ತು ಸಾವಿರಕ್ಕೂ ಮೀರಿದ ವೋಲ್ಟಾಗಿ ಏಳುತ್ತದೆ, ಪ್ಲಗ್ಗಿನಲ್ಲಿ ಕಿಡಿಯಾಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವವೇ ಆರು ವೋಲ್ಟಿನ ನಮ್ಮ ಜಾವಾದಲ್ಲೂ ದುಡಿಯುತ್ತಿದೆ.

ಆದರೆ ಕಡಿತ ಥಟ್ಟನೆ ಆಗಬೇಕು. ಅದಕ್ಕೆ ನೆರವಾಗುವುದು ಪಾಯಿಂಟಿಗೆ ಜೋಡಿಸಿರುವ ಕಿರುಬೆರಳಿನಷ್ಟು ಪುಟ್ಟ ಕಂಡೆನ್ಸರ್. ಅದು ಕೆಟ್ಟರೆ ಕಿಡಿ ಪ್ಲಗ್ಗಿಗೆ ಹೋಗದೆ ಪಾಯಿಂಟಿನಲ್ಲೇ ಹಾರಿ ಅದನ್ನು ಸುಡುತ್ತದೆ. ಕಾಯಿಲ್ ಆಗಲಿ ಕಂಡೆನ್ಸರ್ ಆಗಲಿ, ಬಿಸಿಯಾದಾಗ ಸೋತು ತಣ್ಣಗಾದಾಗ ಚೇತರಿಸಿಕೊಳ್ಳುವುದುಂಟು. ರೋಗ ಎರಡು, ಲಕ್ಷಣ ಒಂದೇ. ನಾನು ಮೋಸಹೋದದ್ದು ಅಲ್ಲಿಯೇ.

ಆದುದರಿಂದ ಕ್ರಮವಾಗಿ ನೋಡಬೇಕು. ಮೊದಲು ಬ್ಯಾಟರಿ, ಅದರ ತಂತಿಗಳ ಬಿಗಿ. ಆಮೇಲೆ ಬಲಗಡೆಯ ಮುಚ್ಚಳ ತೆಗೆದು ಪಾಯಿಂಟ್. ಅದರ ಸಂದು 0.4 ಮಿಲಿಮೀಟರ್ ಇರಬೇಕು. ಮುಖ ಕಪ್ಪಾಗಿ ಕುಳಿಬಿದ್ದು, ತೆರೆಯುವಾಗ ದಪ್ಪ ಕಿಡಿ ಹಾರಿದರೆ ಕಂಡೆನ್ಸರಿನ ಮೇಲೆ ಅನುಮಾನಪಡಿ. ಹಳೆಯದನ್ನು ಬಿಡಿಸಿ ಹೊಸದನ್ನು ಹಾಕಿ ನೋಡಿ. ಮೂರನೆಯದು ಪ್ಲಗ್ಗಿಗೆ ಹೋಗುವ ದಪ್ಪ ತಂತಿ. ನಮ್ಮ ಕಡೆಯ ಮಳೆಯಲ್ಲಿ, ಅದು ಸೀಳಿದ್ದರೆ ಕತ್ತಲೆಯಲ್ಲಿ ಕಿಡಿ ಹೊರಗೆ ಸೋರುವುದು ಕಣ್ಣಿಗೇ ಕಾಣುತ್ತದೆ. ಇವೆಲ್ಲ ಸರಿಯಿದ್ದರೆ ಮಾತ್ರ ಕಾಯಿಲ್. ಅದನ್ನು ಮೀಟರಿನಿಂದ ತಣ್ಣಗಿದ್ದಾಗ ಒಮ್ಮೆ, ಗಾಡಿ ನಿಂತ ಕೂಡಲೇ ಬಿಸಿಯಲ್ಲಿ ಒಮ್ಮೆ ಅಳೆಯಿರಿ. ಆರು ವೋಲ್ಟಿನದಾದರೆ ದಪ್ಪ ಸುರುಳಿ ಸುಮಾರು ಒಂದೆರಡು ಓಮ್ ತೋರಿಸುತ್ತದೆ. ತೆಳು ಸುರುಳಿ ಕೆಲವು ಸಾವಿರ ಓಮ್. ಬಿಸಿಯಲ್ಲಿ ತೆಳು ಸುರುಳಿಯ ದಾರಿಯೇ ಕಡಿದುಹೋದರೆ ಕಾಯಿಲ್ ಸತ್ತಂತೆಯೇ. ಒಳಗಿನ ಹೊದಿಕೆ ಸುಟ್ಟಿದ್ದರೆ ಮೀಟರಿಗೆ ಸಿಕ್ಕದಿರಬಹುದು. ಆಗ ಒಳ್ಳೆಯದೆಂದು ಗೊತ್ತಿರುವ ಇನ್ನೊಂದನ್ನು ಹಾಕಿ ನೋಡುವುದೇ ದಾರಿ. ಅದು ಅಂಟು ತುಂಬಿ ಮುಚ್ಚಿದ ವಸ್ತು. ಬಿಚ್ಚಿ ರಿಪೇರಿ ಮಾಡಲು ಹೋಗಬೇಡಿ, ಬದಲಾಯಿಸಿರಿ.

ಬದಲಾಯಿಸುವಾಗ ವೋಲ್ಟ್ ಕೇಳಿಯೇ ಕೊಳ್ಳಿ. ಆರು ವೋಲ್ಟಿನ ಗಾಡಿಗೆ ಹನ್ನೆರಡರ ಕಾಯಿಲ್ ಹಾಕಿದರೆ ಕಿಡಿ ಬಡವಾಗುತ್ತದೆ. ಹನ್ನೆರಡರ ಗಾಡಿಗೆ ಆರರದನ್ನು ಹಾಕಿದರೆ ಕಾಯಿಲೂ ಪಾಯಿಂಟೂ ಸುಡುತ್ತವೆ. ಇಂಜಿನ್ ನಿಂತಿರುವಾಗ ಕೀಲಿ ತೆರೆದಿಟ್ಟು ಹೋಗಬೇಡಿ. ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಮ್ಮನೆ ಕಾಯುತ್ತದೆ. ಕಿಡಿ ಪರೀಕ್ಷಿಸುವಾಗ ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ. ಪೆಟ್ರೋಲಿನ ಆವಿ ಬರುವ ರಂಧ್ರದಿಂದ ದೂರವಿಡಿ.

ನನ್ನ ಗಾಡಿಯ ಪಾಯಿಂಟ್ ಇದ್ದಲಿನಂತೆ ಕಪ್ಪಾಗಿತ್ತು. ಮೊದಲ ಕಾಯಿಲ್ ಹಾಕುವಾಗ ಮೇಸ್ತ್ರಿ ಪಾಯಿಂಟನ್ನೂ ಉಜ್ಜಿದ್ದರಿಂದ ಮೂರು ದಿನ ಓಡಿತ್ತು, ಅಷ್ಟೆ. ಹೊಸ ಕಂಡೆನ್ಸರ್ ಹಾಕಿ, ತಂದೆಯವರ ಹಳೆಯ ಕಾಯಿಲನ್ನೇ ಮತ್ತೆ ಜೋಡಿಸಿದೆವು. ಇಡೀ ಮಳೆಗಾಲ ಕಳೆಯಿತು, ಗಾಡಿ ಒಮ್ಮೆಯೂ ನಿಲ್ಲಲಿಲ್ಲ.

ತಪ್ಪು ನನ್ನದೂ ಹೌದು: ನೋಡದೆ ಕೊಂಡೆ, ಕೇಳದೆ ಒಪ್ಪಿದೆ. ಆ ಎರಡು ಹೊಸ ಕಾಯಿಲುಗಳು ನನ್ನ ಮನೆಯಲ್ಲಿವೆ. ನಿಮ್ಮಲ್ಲಿ ಯಾರ ಗಾಡಿಯಾದರೂ ನಿಂತರೆ ಬಂದು ಒಯ್ದು, ಹಾಕಿ ಪರೀಕ್ಷಿಸಿರಿ. ಆದರೆ ಮೊದಲು ಪಾಯಿಂಟಿನ ಮುಖ ನೋಡಿ ಬನ್ನಿರಿ.