ಮೇಯುವ ಕುರಿಯ ಉಸಿರಿಗೊಂದು ಅಳತೆ

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಅತಿ ದೊಡ್ಡ ಕೋಣೆಯಾದ ರೂಮೆನ್‌ನಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುದುಗಿಸುವಾಗ ಜಲಜನಕ ಬಿಡುಗಡೆಯಾಗುತ್ತದೆ. ಮಿಥೇನೊಜೆನ್ ಎಂಬ ಇನ್ನೊಂದು ಬಗೆಯ ಜೀವಿಗಳು ಅದನ್ನು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿಸಿ ಮಿಥೇನ್ ಆಗಿಸುತ್ತವೆ. ತೇಗಿನೊಡನೆ ಬಾಯಿಂದ ಹೊರಬೀಳುವ ಈ ಅನಿಲ, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಮೇವಿನ ಶಕ್ತಿಯಲ್ಲಿ ಸುಮಾರು ಶೇ. 6ರಷ್ಟು ಹೀಗೆ ಗಾಳಿಪಾಲಾಗುವುದರಿಂದ ಇದು ಹವಾಮಾನದ ಪ್ರಶ್ನೆಯಾಗಿರುವಷ್ಟೇ ಕುರಿಗಾರನ ನಷ್ಟದ ಪ್ರಶ್ನೆಯೂ ಆಗಿದೆ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ಇವುಗಳ ಮಿಥೇನನ್ನು ಲೆಕ್ಕಹಾಕಲು ಒದಗುವ ಒಂದು ಅಂಕಿ ಹೊರಗಿನದು: ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿ, ಅಭಿವೃದ್ಧಿಶೀಲ ದೇಶಗಳ ಕುರಿಯೊಂದಕ್ಕೆ 45 ಕಿಲೊ ತೂಕ ಹಿಡಿದು, ವರ್ಷಕ್ಕೆ 5 ಕಿಲೊ ಮಿಥೇನ್ ಎಂದು ಗೊತ್ತುಪಡಿಸಿತು. ಅದಕ್ಕಿಂತ ಹಗುರವಾದ ದಖ್ಖನಿ ಕುರಿಗೆ ಇದು ಹೆಚ್ಚಾಯಿತೋ, ಒಣ ಕಣಕಿಯನ್ನೇ ನೆಚ್ಚಿದ ತಿಂಗಳುಗಳಿಗೆ ಕಡಿಮೆಯಾಯಿತೋ ಎಂಬುದು ಅಳೆಯದೆ ತಿಳಿಯದು. ಬೆಳಗಾವಿ ಜಿಲ್ಲೆಯಲ್ಲಿ ಮಲೆನಾಡಿನ ಅಂಚಿನ ಕಿತ್ತೂರಿನ ಹಸಿರು, ಬೈಲಹೊಂಗಲದ ಕಬ್ಬಿನ ಸೋಗೆ, ಸವದತ್ತಿ ಮತ್ತು ರಾಮದುರ್ಗಗಳ ಎರೆ ಹೊಲದಲ್ಲಿ ಹಿಂಗಾರಿ ಜೋಳ ಕೊಯ್ದ ಮೇಲೆ ಉಳಿಯುವ ಕೂಳೆ ಇವೆಲ್ಲ ರೂಮೆನ್‌ನಲ್ಲಿ ಒಂದೇ ರೀತಿ ಅರಗುವುದಿಲ್ಲ. ನಾರು ಹೆಚ್ಚಿದಷ್ಟೂ ತಿಂದ ಮೇವಿನ ಪಾಲಿಗೆ ಮಿಥೇನ್ ಹೆಚ್ಚುವುದು ಸಾಮಾನ್ಯ.

ಉಸಿರಾಟದ ಮುಚ್ಚುಕೋಣೆಯಲ್ಲಿ ನಿಲ್ಲಿಸಿದ ಕುರಿ ಖಚಿತವಾದ ಅಂಕಿ ಕೊಟ್ಟೀತು, ಆದರೆ ಅದು ಮೇಯುವ ಕುರಿಯಲ್ಲ. 1994ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದ ಸಲ್ಫರ್ ಹೆಕ್ಸಾಫ್ಲೋರೈಡ್ ವಿಧಾನ ಈ ಕೊರತೆಯನ್ನು ತುಂಬುತ್ತದೆ: ಗೊತ್ತಾದ ವೇಗದಲ್ಲಿ ಆ ಅನಿಲವನ್ನು ಸೋರಿಸುವ ಪುಟ್ಟ ಲೋಹದ ಕೊಳವೆಯನ್ನು ರೂಮೆನ್‌ಗೆ ಇಳಿಸಿ, ಮೂಗಿನ ಬಳಿಯ ಗಾಳಿಯನ್ನು ಕೊರಳಿಗೋ ಬೆನ್ನಿಗೋ ಕಟ್ಟಿದ ನಿರ್ವಾತ ಡಬ್ಬಿಯಲ್ಲಿ ಇಡೀ ದಿನ ಸಂಗ್ರಹಿಸಿ, ಎರಡು ಅನಿಲಗಳ ಪ್ರಮಾಣವನ್ನು ಹೋಲಿಸಿದರೆ ಮಿಥೇನಿನ ತೂಕ ಸಿಗುತ್ತದೆ. ಮಂದೆ ಎಂದಿನಂತೆ ನಡೆಯುತ್ತಲೇ ಇರಬಹುದೆಂಬುದೇ ಇದರ ದೊಡ್ಡ ಗುಣ.

ತಗ್ಗಿಸುವ ದಾರಿಯಲ್ಲಿ, ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಸಿದ್ಧಪಡಿಸಿದ ‘ಹರಿತ್ ಧಾರಾ’ ಎಂಬ ಪೂರಕ ಮೇವು ದನಗಳ ಮಿಥೇನನ್ನು ಶೇ. 17ರಿಂದ 20ರಷ್ಟು ಇಳಿಸುತ್ತದೆಂದು ಆ ಸಂಸ್ಥೆ ಹೇಳಿದೆ. ಅದರ ತಿರುಳು ಟ್ಯಾನಿನ್, ಅಂದರೆ ಕಾಯಿ, ತೊಗಟೆಗಳಲ್ಲಿರುವ ಒಗರು. ಗೋದಲೆಯಲ್ಲಿ ಮೇಯುವ ದನಕ್ಕೆ ಇದನ್ನು ದಿನವೂ ಬೆರೆಸಿ ಕೊಡಬಹುದು. ಊರಿಂದೂರಿಗೆ ಹೋಗುವ ಮಂದೆಗೆ ಹಾಗೆ ಕೊಡುವುದು ಕಷ್ಟ. ಆದರೆ ಬೇಸಿಗೆಯಲ್ಲಿ ಕುರಿಗಾರರು ದೋಟಿಯಿಂದ ಉದುರಿಸಿ ಮೇಯಿಸುವ ಜಾಲಿಕಾಯಿಯಲ್ಲಿಯೂ ಅದೇ ಒಗರಿದೆ. ಅತಿಯಾದರೆ ಅರಗುವಿಕೆಗೇ ತೊಡಕಾಗುವ ಈ ಕಾಯಿ ಎಷ್ಟಾದರೆ ಹಿತ ಎಂಬುದನ್ನು ಈ ಭಾಗದ ಮಂದೆಗಳಲ್ಲೇ ಅಳೆಯಬೇಕು. ಕರುಳುಬೇನೆ, ಹಿರೇಬೇನೆಗಳಿಗೆ ಸಕಾಲದಲ್ಲಿ ಲಸಿಕೆ ಹಾಕಿ ಮರಿಗಳನ್ನು ಉಳಿಸಿಕೊಂಡರೂ ಮಾಂಸದ ಕಿಲೊವೊಂದರ ಪಾಲಿಗೆ ಮಿಥೇನ್ ಇಳಿಯುತ್ತದೆ, ಏಕೆಂದರೆ ಸತ್ತ ಮರಿಗಾಗಿ ತಾಯಿಕುರಿ ತಿಂದ ಮೇವಿನಿಂದ ಹೊರಟ ಮಿಥೇನಿಗೆ ಪ್ರತಿಯಾಗಿ ಮಾಂಸ ಸಿಕ್ಕಿರುವುದಿಲ್ಲ.

ರಾತ್ರಿ ಹೊಲದಲ್ಲಿ ಕುರಿ ತರುಬಿದಾಗ ಚದುರಿ ಬಿದ್ದ ಹಿಕ್ಕೆ ಗಾಳಿಯಾಡುತ್ತ ಒಣಗುವುದರಿಂದ, ನೀರು ನಿಂತ ಸಗಣಿಗುಂಡಿಗಿಂತ ಅದರಿಂದ ಬಹಳ ಕಡಿಮೆ ಮಿಥೇನ್ ಹೊರಡುತ್ತದೆ. ಆ ಹೊಲ ರಸಗೊಬ್ಬರವನ್ನೂ ಅಷ್ಟು ಕಡಿಮೆ ಬೇಡುತ್ತದೆ. ಕುರಿಯ ಉಸಿರನ್ನು ಡಬ್ಬಿಯಲ್ಲಿ ಹಿಡಿಯುವವರು ಹೊಲದ ಈ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆದಿಡಬೇಕು.